ಚೌರಿ ಇಲ್ಲದ ತುರುಬು

ಭುಜದಿಂದ ನಾಲ್ಕು ಬೆರಳು ಕೆಳಗಿಳಿದು ಅಲ್ಲೇ ನಿಂತುಬಿಟ್ಟ ಕೂದಲಿನಷ್ಟು ಮೊಂಡು ಕೂದಲು ಇನ್ನೊಂದಿಲ್ಲ. ಸೊಂಟದ ಕೆಳಗೆ ಜಡೆ ಬಿಟ್ಟವಳಿಗೆ ತುರುಬು ಕಟ್ಟುವುದು ಯಾರಿಗೆ ಬರುವುದಿಲ್ಲ? ಸುತ್ತಿ ಸಿಕ್ಕಿಸಿದರೆ ಆಯಿತು. ಬಾಬ್ ಕಟ್ ಮಾಡಿಸಿಕೊಂಡವಳು ಒಂದು ಕ್ಲಿಪ್ಪು ಚುಚ್ಚಿಕೊಂಡು ಹೋಗುತ್ತಾಳೆ, ನಮ್ಮ ತಂಟೆಗೇ ಬರುವುದಿಲ್ಲ. ನನ್ನ ಪ್ರಾಣ ತಿಂದದ್ದು ಈ ನಡುವಿನದು. ಸುತ್ತಲು ಹೋದರೆ ಒಂದೂವರೆ ಸುತ್ತಿಗೆ ಮುಗಿದುಹೋಗುತ್ತದೆ, ಕಿವಿಯ ಹಿಂದಿನ ಎಳೆಗಳು ಕುತ್ತಿಗೆಗೆ ಜಾರುತ್ತವೆ, ತುದಿಗಳೆಲ್ಲ ಹೊರಗೆ ಇಣುಕಿ ನಮ್ಮನ್ನೇ ಅಣಕಿಸುತ್ತವೆ. ವರ್ಷಗಟ್ಟಲೆ ಬೇರೆಯವರ ತಲೆ ಹಿಡಿದು ಬದುಕಿದವಳು ನಾನು. ಇದನ್ನು ಕೋಪದಿಂದಲ್ಲ, ಅನುಭವದಿಂದ ಹೇಳುತ್ತಿದ್ದೇನೆ. ಸ್ವಲ್ಪ ಕೋಪವೂ ಇದೆ.

ನಾನು ಕಲಬುರಗಿ ಕಡೆಯವಳು. ಮದುವೆಯಾಗಿ ಮುಂಬಯಿಗೆ ಬಂದಾಗ ಗಂಡ ಬಿಲ್ಡಿಂಗ್ ಕೆಲಸಕ್ಕೆ ಹೋಗುತ್ತಿದ್ದರು, ನಾನು ಜೋಗೇಶ್ವರಿಯ ಚಾಳಿನ ಕೋಣೆಯಲ್ಲಿ ಕೂತು ಸೀರೆಗಳಿಗೆ ಫಾಲು ಹಚ್ಚುತ್ತಿದ್ದೆ. ಫಾಲಿನ ಹೊಲಿಗೆ ಗಟ್ಟಿಯಾಗಿರಬೇಕು, ಆದರೆ ಸೀರೆಯ ಮೇಲ್ಮುಖದಲ್ಲಿ ಕಾಣಬಾರದು. ಆರು ವರ್ಷ ಅದನ್ನೇ ಮಾಡಿದೆ. ಆಮೇಲೆ ಪಕ್ಕದ ಮನೆಯವಳ ಮಾತು ಕೇಳಿ ವಡಾಲದ ಒಂದು ಬ್ಯೂಟಿ ಪಾರ್ಲರಿಗೆ ಕೆಲಸಕ್ಕೆ ಸೇರಿದೆ. ಮೊದಲು ನೆಲ ಗುಡಿಸುವುದು, ಟವೆಲ್ ಒಗೆಯುವುದು, ನಂತರ ಪಿನ್ನು ಎತ್ತಿಕೊಡುವುದು, ಕೊನೆಗೆ ತಲೆ ಮುಟ್ಟುವುದು.

ನಿಜವಾಗಿ ಕಲಿತದ್ದು ಮಾತ್ರ ಪಾರ್ಲರಿನಲ್ಲಲ್ಲ, ಲೋಕಲಿನ ಲೇಡೀಸ್ ಡಬ್ಬಿಯಲ್ಲಿ. ಬೆಳಿಗ್ಗೆಯ ಗದ್ದಲದಲ್ಲಿ ಯಾರ ಮುಖವೂ ಕಾಣುವುದಿಲ್ಲ, ಕಾಣುವುದೆಲ್ಲ ಹಿಂದಲೆ. ಒಂದು ಕೈಯಲ್ಲಿ ಹ್ಯಾಂಡಲ್ ಹಿಡಿದು, ಹಲ್ಲಿನಲ್ಲಿ ಕ್ಲಚ್ಚರ್ ಕಚ್ಚಿಕೊಂಡು, ಎರಡು ಸ್ಟೇಷನ್ನುಗಳ ನಡುವೆ ಒಂಟಿ ಕೈಯಲ್ಲಿ ಕೂದಲು ತಿರುಚಿ ಮೇಲೆತ್ತಿ ಸಿಕ್ಕಿಸುವ ಹೆಂಗಸರನ್ನು ನೋಡಿದ್ದೇನೆ. ಒಬ್ಬಳು ದಿನಾ ಬಾಲ್‌ಪೆನ್ನಿನಲ್ಲೇ ತುರುಬು ನಿಲ್ಲಿಸುತ್ತಿದ್ದಳು. ಕ್ಲಿಪ್ಪು, ರಬ್ಬರು, ಮಣಿ ಕೂಡಿಸಿದ ಜೂಡಾ ಪಿನ್ನುಗಳನ್ನು ಮೈತುಂಬ ನೇತುಹಾಕಿಕೊಂಡು ಮಾರುವ ಹೆಂಗಸು ಹತ್ತಿದರೆ ನಾನು ಇಳಿಯುವ ಸ್ಟೇಷನ್ನೇ ಮರೆಯುತ್ತಿದ್ದೆ. ಮನೆಗೆ ಹೋಗಿ ಕನ್ನಡಿ ಮುಂದೆ ನನ್ನ ತಲೆಯ ಮೇಲೇ ಪ್ರಯೋಗ ಮಾಡುತ್ತಿದ್ದೆ. ನನ್ನದೂ ಭುಜದಿಂದ ನಾಲ್ಕು ಬೆರಳು ಕೆಳಗಿನದೇ.

ಅಂಥದೇ ಕೂದಲಿನ ಹುಡುಗಿಯೊಬ್ಬಳು ಒಂದು ದಿನ ತನ್ನ ದೊಡ್ಡಮ್ಮನ ಜೊತೆ ಪಾರ್ಲರಿಗೆ ಬಂದಳು. ಉಡುಪಿ ಕಡೆಯವರು. ಅಪ್ಪ ಹೋಟೆಲಿನಲ್ಲಿ ಮ್ಯಾನೇಜರು, ಹುಡುಗಿಗೆ ಪವಾಯಿಯಲ್ಲಿ ಆಫೀಸು. ಮದುವೆಗೆ ಒಂದು ತಿಂಗಳಿತ್ತು. ಮೂರು ಅಟ್ಟೆ, ಅಂದರೆ ಸಾವಿರಾರು ಮೊಗ್ಗಿನ ಮಲ್ಲಿಗೆ ತುಂಬಿದ ದೊಡ್ಡ ತುರುಬು ಬೇಕು, ಆದರೆ ಚೌರಿ ಸೇರಿಸಬಾರದು ಎಂದಳು. ನಮ್ಮ ಪಾರ್ಲರಿನ ಮೇಡಂ ಅವಳ ಕೂದಲನ್ನು ಎರಡು ಬೆರಳಲ್ಲಿ ಎತ್ತಿ ನೋಡಿ, ಇಷ್ಟರಲ್ಲಿ ಮೂರು ಅಟ್ಟೆ ಮಲ್ಲಿಗೆಯ ಭಾರ ತಡೆಯುವುದಿಲ್ಲ, ಚೌರಿ ಹಾಕಲೇಬೇಕು ಎಂದುಬಿಟ್ಟರು.

ದೊಡ್ಡಮ್ಮನಿಗೆ ಅಷ್ಟೇ ಸಾಕಿತ್ತು. "ಕೇಳಿತಾ? ನಾನು ಹೇಳಿದ್ದೂ ಅದೇ ಅಲ್ವಾ? ಚೌರಿ ಬೇಡ ಅಂದ್ರೆ ಹೇಗೆ ಮಾರಾಯ್ತಿ? ಗಂಡಿನ ಕಡೆಯವರು ಕೂದಲು ಯಾಕೆ ಇಷ್ಟೇ ಉಂಟು ಅಂತ ಕೇಳಿದ್ರೆ ಎಂತ ಹೇಳುದು?"

"ಜೋ ಹೈ, ಇದ್ದದ್ದೇ ಹೇಳೋದು, ದೊಡ್ಡಮ್ಮ," ಎಂದಳು ಹುಡುಗಿ. ಆಮೇಲೆ ನಮ್ಮ ಕಡೆ ತಿರುಗಿ ತನ್ನ ಹಿಂದಿ ಬೆರೆತ ತುಂಡು ತುಂಡು ಕನ್ನಡದಲ್ಲಿ ಎಲ್ಲ ಹೇಳಿದಳು. ಮೂರು ವರ್ಷದ ಹಿಂದೆ ಅವಳ ಅಮ್ಮ ಹೊಟ್ಟೆಯ ಆಪರೇಷನ್ ಆಗಿ ಎರಡು ತಿಂಗಳು ಆಸ್ಪತ್ರೆಯಲ್ಲಿದ್ದರಂತೆ. ಡಾಕ್ಟರುಗಳೇ ಆಸೆ ಬಿಟ್ಟಿದ್ದರಂತೆ. ಆಗ ಇವಳು ತಿರುಪತಿಗೆ ಮುಡಿ ಕೊಡುವ ಹರಕೆ ಹೊತ್ತಳು. ಅಮ್ಮ ಮನೆಗೆ ಬಂದ ಮೇಲೆ ಹೋಗಿ, ಸೊಂಟದವರೆಗಿದ್ದ ಕೂದಲನ್ನು ಪೂರ್ತಿ ಕೊಟ್ಟು ಬಂದಳು. ಈಗಿನದು ಆಮೇಲೆ ಬೆಳೆದದ್ದು.

"ನನ್ನದು ನಾನು ದೇವರಿಗೆ ಕೊಟ್ಟೆ ಆಂಟಿ. ಮಾರ್ಕೆಟ್‌ನಲ್ಲಿ ಸಿಗೋ ಚೌರಿ ಭೀ ಯಾರದೋ ಹರಕೆನೇ ಅಲ್ವಾ? ಅವರದ್ದು ಖರೀದಿ ಮಾಡಿ ನಾನು ತಲೆಗೆ ಹಾಕೋದಾ? ನಹೀ. ನನ್ನದೇ ಬೇಕು, ಜಿತನಾ ಹೈ ಉತನಾ, ಇದ್ದಷ್ಟೇ."

ನಾನು ಮೂಲೆಯಲ್ಲಿ ಬಾಚಣಿಗೆ ತೊಳೆಯುತ್ತಿದ್ದೆ. ನನ್ನ ಬಾಯಿ ನನ್ನ ಮಾತು ಎಂದೂ ಕೇಳಿದ್ದಲ್ಲ. "ಆಗ್ತದ್ರೀ. ಚೌರಿ ಇಲ್ದೆನೂ ಆಗ್ತದ, ನಾ ಮಾಡ್ತೀನಿ," ಎಂದೆ. ಮೇಡಂ ನನ್ನನ್ನು ನೋಡಿದ ನೋಟಕ್ಕೆ ಟವೆಲ್ಲುಗಳೇ ಒಣಗಬೇಕಿತ್ತು. ಹಾಗಿದ್ದರೆ ನೀನೇ ಮಾಡು, ನನ್ನ ಪಾರ್ಲರಿನ ಹೆಸರು ಹಾಳುಮಾಡಬೇಡ ಎಂದರು. ಆ ವಾರವೇ ನಾನು ಕೆಲಸ ಬಿಟ್ಟೆ. ಬಿಟ್ಟೆ ಎನ್ನುವುದು ಮರ್ಯಾದೆಯ ಮಾತು.

ಅವರ ಫ್ಲ್ಯಾಟಿಗೆ ಹೋಗಿ ಒಂದು ಸಲ ಕಟ್ಟಿ ತೋರಿಸಿದೆ. ಒಣ ಕೂದಲನ್ನು ಒಳಗಿನಿಂದ ಬಾಚಿ ಉಬ್ಬಿಸಿ, ಸ್ಪ್ರೇ ಹೊಡೆದು, ಪಿನ್ನುಗಳನ್ನು ಒಂದರ ಮೇಲೊಂದು ಕತ್ತರಿ ಹಾಕಿ ಕೂರಿಸಿದೆ. ಹುಡುಗಿ ತಲೆ ಅಲ್ಲಾಡಿಸಿದಳು, ಬಗ್ಗಿದಳು, ಕುಣಿದಳು, ತುರುಬು ಜಪ್ಪಯ್ಯ ಅನ್ನಲಿಲ್ಲ. ದೊಡ್ಡಮ್ಮ ಒಪ್ಪಿದರು, ಆದರೆ ಒಂದು ಷರತ್ತು ಹಾಕಿದರು. ಮದುವೆಯ ದಿನ ಚೌರಿ ಅವರ ಬ್ಯಾಗಿನಲ್ಲಿರುತ್ತದೆ. ಮಂಟಪಕ್ಕೆ ಹೋಗುವ ಮೊದಲು ತುರುಬು ಒಂದು ಚೂರು ಅಲುಗಿದರೂ ಸುಮ್ಮನೆ ಚೌರಿ ಸೇರಿಸಬೇಕು, ಯಾರೂ ಚಕಾರ ಎತ್ತಬಾರದು. ಹುಡುಗಿ ಒಪ್ಪಿದಳು. ಅಡುಗೆಮನೆಗೆ ನನ್ನನ್ನು ಕರೆದು ಅವರು ಪಿಸುಗುಟ್ಟಿದ್ದು ಬೇರೆ: "ಗಂಡಿನ ಕಡೆಯವರಿಗೆ ಇವಳ ಅಮ್ಮನ ಕಾಯಿಲೆ ವಿಷಯ ಗೊತ್ತಿಲ್ಲ. ಆಸ್ಪತ್ರೆ, ಹರಕೆ ಅಂತೆಲ್ಲ ಗೊತ್ತಾದ್ರೆ ಜನ ಎಂತೆಂತ ಮಾತಾಡಿಯಾರು."

ಆ ಅಮ್ಮ ಹೊರಗೆ ಹಾಲ್‌ನಲ್ಲೇ ಕೂತಿದ್ದರು. ಸಣ್ಣ ದೇಹ, ಸಣ್ಣ ದನಿ. ತಮ್ಮ ಕಾಯಿಲೆ ಏನೋ ತಪ್ಪು ಎಂಬಂತೆ ಎಲ್ಲರಿಂದ ಒಂದು ಹೆಜ್ಜೆ ಹಿಂದೆ ಇರುತ್ತಿದ್ದರು. ನಾನು ಹೊರಡುವಾಗ ಹುಡುಗಿಗೆ ಹೇಳಿದೆ: "ನೋಡವ್ವ, ಹಿಂದಿನ ದಿನ ತಲಿ ತೊಳ್ಕೊ. ಮದುವಿ ದಿನ ನೀರು ಮುಟ್ಟಸಬ್ಯಾಡ. ಎಣ್ಣಿ ಅಂತೂ ಹತ್ರಕೂ ತರಬ್ಯಾಡ." ಅವಳು ಓಕೆ ಎಂದಳು. ಮದುವೆಯ ಬೆಳಿಗ್ಗೆ ಮದುಮಗಳ ತಲೆ ಅವಳ ಮಾತು ಕೇಳುವುದಿಲ್ಲ, ಮನೆಯ ಹಿರಿಯರ ಮಾತು ಕೇಳುತ್ತದೆ ಎಂಬುದು ನನಗೆ ಗೊತ್ತಿರಬೇಕಿತ್ತು. ನನ್ನ ಮದುವೆಯಲ್ಲೂ ಹಾಗೇ ಆಗಿತ್ತು. ಆದರೂ ಅಮ್ಮನಿಗೆ ಒಂದು ಮಾತು ಹೇಳದೆ ಬಂದೆ.

ಮದುವೆಯ ದಿನ ಬೆಳಿಗ್ಗೆ ಮದುವೆ ಹಾಲ್‌ನ ಮೇಲ್ಮಹಡಿಯ ಕೋಣೆಗೆ ಹೋಗಿ ನೋಡುತ್ತೇನೆ, ಹುಡುಗಿಯ ತಲೆ ಮಿರಿಮಿರಿ ಮಿಂಚುತ್ತಿದೆ. ಕೊಬ್ಬರಿ ಎಣ್ಣೆಯ ವಾಸನೆ ಬಾಗಿಲಿಗೇ ಬಂತು. ಎಣ್ಣೆ ಹಚ್ಚಿ ಬಿಸಿನೀರು ಹಾಕಿದ್ದಾರೆ, ಸೀಗೆಪುಡಿ ಉಜ್ಜಿದ್ದಾರೆ, ಆದರೂ ಅರ್ಧ ಎಣ್ಣೆ ಅಲ್ಲೇ ಇದೆ. ನಾನು ಒಂದು ಪಿನ್ನು ಚುಚ್ಚಿದೆ. ಜಾರಿ ನೆಲಕ್ಕೆ ಬಿತ್ತು. ಇನ್ನೊಂದು ಚುಚ್ಚಿದೆ, ಅದೂ ಬಿತ್ತು. ಆರನೆಯದು ಬೀಳುವಷ್ಟರಲ್ಲಿ ದೊಡ್ಡಮ್ಮ ಬ್ಯಾಗಿನ ಜಿಪ್ಪು ಎಳೆದು ಪೇಪರಿನಲ್ಲಿ ಸುತ್ತಿದ್ದ ಚೌರಿಯನ್ನು ಹೊರಗೆ ತೆಗೆದಿದ್ದರು.

"ಯಾರ್ರೀ ಎಣ್ಣಿ ಹಚ್ಚಿದವ್ರು?" ಎಂದು ನಾನು ಕಿರುಚಿದೆ. ನನ್ನ ಸಿಟ್ಟು ಮೊದಲು ಬಾಯಿಗೆ ಬರುತ್ತದೆ, ಬುದ್ಧಿ ಆಮೇಲೆ.

ಮಂಚದ ಅಂಚಿನಲ್ಲಿ ಕೂತಿದ್ದ ಅಮ್ಮ ಎದ್ದು ನಿಂತರು. "ನಾನೇ," ಎಂದರು. "ನನ್ನಿಂದಾಗಿ ಬೋಳಾದ ತಲೆ ಇದು. ಮೂರು ವರ್ಷ ಮುಟ್ಟಲಿಕ್ಕೇ ಧೈರ್ಯ ಬರ್ಲಿಲ್ಲ ನನಗೆ. ಇವತ್ತು ಒಂದು ದಿನ ನನ್ನ ಕೈಯಾರೆ ಎಣ್ಣೆ ಹಚ್ಚಿ ಮೀಯಿಸುವ ಅಂತ ಕಂಡಿತು. ಹಚ್ಚಬಾರ್ದು ಅಂತ ಇವಳು ಹೇಳ್ಲಿಲ್ಲ."

ಹುಡುಗಿ ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಿದ್ದಳು. "ಹೇಗೆ ಹೇಳೋದು ಆಂಟಿ?" ಎಂದಳು. ಹೌದು, ಹೇಗೆ ಹೇಳುವುದು? ನಾನಾದರೂ ಹೇಳುತ್ತಿರಲಿಲ್ಲ. ಬಿದ್ದ ಆರು ಪಿನ್ನನ್ನೂ ಬಗ್ಗಿ ಎತ್ತಿಕೊಂಡೆ. ಮುಹೂರ್ತಕ್ಕೆ ಒಂದೂಕಾಲು ಗಂಟೆ ಇತ್ತು. ಮತ್ತೆ ತೊಳೆದು ಒಣಗಿಸಲು ಸಮಯವಿಲ್ಲ. ಅಮ್ಮ ಅಷ್ಟು ಆಸೆಯಿಂದ ಹಚ್ಚಿದ ಎಣ್ಣೆಯನ್ನು ಶಾಂಪೂ ಹಾಕಿ ತೆಗೆಯಲು ನನಗೂ ಮನಸ್ಸಾಗಲಿಲ್ಲ. ದೊಡ್ಡಮ್ಮ ಚೌರಿಯನ್ನು ಕೊಡವಿ ಬಿಡಿಸುತ್ತಿದ್ದರು. ಹುಡುಗಿಯ ಕಣ್ಣು ತುಂಬಿತ್ತು, ಆದರೆ ಷರತ್ತಿಗೆ ಒಪ್ಪಿದ್ದಳಲ್ಲ, ತಲೆಯನ್ನು ದೊಡ್ಡಮ್ಮನ ಕಡೆಗೆ ಬಾಗಿಸಿ ಕೊಟ್ಟಳು.

ಆಗ ಆ ಜಿಡ್ಡು ಕೂದಲು ನನ್ನ ಬೆರಳಿಗೆ ಏನೋ ನೆನಪಿಸಿತು. ಎಣ್ಣೆಗೂದಲಿಗೆ ಪಿನ್ನು ನಿಲ್ಲುವುದಿಲ್ಲ, ಆದರೆ ಹೆಣಿಗೆ ನಿಲ್ಲುತ್ತದೆ. ನಮ್ಮ ಅವ್ವ ಭಾನುವಾರ ಎಣ್ಣೆ ಹಚ್ಚಿ ಬಿಗಿದ ಜಡೆ ಬುಧವಾರದವರೆಗೆ ಒಂದೆಳೆ ಬಿಚ್ಚುತ್ತಿರಲಿಲ್ಲ. ನಾನು ಪಿನ್ನಿನ ಡಬ್ಬಿಯನ್ನು ಪಕ್ಕಕ್ಕೆ ತಳ್ಳಿದೆ. ಮದುವೆಮನೆಯಲ್ಲಿ ಬ್ಲೌಸಿನ ಹುಕ್ಕು ಕಿತ್ತುಬರುವುದು ಇದ್ದದ್ದೇ ಎಂದು ಬ್ಯಾಗಿನಲ್ಲಿ ಸೂಜಿ, ಕಪ್ಪು ದಾರ ಇಟ್ಟುಕೊಂಡಿದ್ದೆ. ಅದನ್ನು ತೆಗೆದೆ.

"ಎಂತ, ತಲೆಗೆ ಹೊಲಿಗೆ ಹಾಕ್ತೀಯಾ?" ಎಂದು ದೊಡ್ಡಮ್ಮ ಹೌಹಾರಿದರು.

"ತಲಿಗಲ್ರೀ, ಕೂದಲಿಗೆ. ಸ್ವಲ್ಪ ಸುಮ್ಕಿರ್ರಿ."

ಮುಂದಿನ ಕೂದಲನ್ನೂ ಕಿವಿಯ ಪಕ್ಕದ್ದನ್ನೂ ಬೇರೆ ಎತ್ತಿ ಕಟ್ಟಿದೆ. ಹಿಂದಿನದನ್ನು ಏಳು ಭಾಗ ಮಾಡಿ, ಏಳು ಸಣ್ಣ ಜಡೆ ಬಿಗಿಯಾಗಿ ಹೆಣೆದೆ. ಎಣ್ಣೆಯಿಂದಾಗಿ ಒಂದು ಎಳೆಯೂ ತಪ್ಪಿಸಿಕೊಳ್ಳಲಿಲ್ಲ. ಆಮೇಲೆ ಆ ಜಡೆಗಳನ್ನು ಒಂದರ ಅಡಿಗೆ ಒಂದು ತೂರಿಸಿ ಹಿಂದಲೆಗೆ ಚಪ್ಪಟೆಯಾಗಿ ಮಲಗಿಸಿ, ಜಡೆಗೆ ಜಡೆ ಸೇರಿಸಿ ಹೊಲಿಯತೊಡಗಿದೆ. ಸೀರೆಗೆ ಫಾಲು ಹಚ್ಚಿದ ಕೈ. ಸೂಜಿ ತಾನೇ ದಾರಿ ಹುಡುಕಿಕೊಂಡಿತು. ಜಡೆಯ ತುದಿಗಳನ್ನು ಹಿಡಿಯಲು ಇನ್ನೆರಡು ಕೈ ಬೇಕಾಗಿತ್ತು. ನಾನು ಅಮ್ಮನನ್ನು ಕರೆದೆ. ಮೊದಲೆರಡು ಜಡೆಯನ್ನು ಅವರು ಬೆರಳ ತುದಿಯಲ್ಲಷ್ಟೇ ಹಿಡಿದರು, ಮೂರನೆಯದನ್ನು ಗಟ್ಟಿಯಾಗಿ ಹಿಡಿದರು. ಐದನೆಯದಕ್ಕೆ ಅವರೇ "ಇಲ್ಲಿ ಇನ್ನೊಂದು ಹೊಲಿಗೆ ಹಾಕಿ, ಸಡಿಲ ಉಂಟು," ಎಂದು ನನಗೇ ಹೇಳಿಕೊಡತೊಡಗಿದರು.

ಹೊಲಿದ ಜಡೆಗಳ ಆ ಗಟ್ಟಿ ತಳಕ್ಕೆ ಈಗ ಪಿನ್ನು ಚುಚ್ಚಿದರೆ ಗೋಡೆಗೆ ಮೊಳೆ ಹೊಡೆದ ಹಾಗೆ ಕೂತಿತು. ಎತ್ತಿ ಕಟ್ಟಿದ್ದ ಮುಂದಿನ ಕೂದಲನ್ನು ಇಳಿಸಿ, ತಿರುಚಿ, ತುದಿಗಳನ್ನು ಒಳಗೆ ಮಡಚಿ ಮೇಲೆ ಹೊದಿಸಿದೆ. ಹೊಲಿಗೆ ಒಂದಾದರೂ ಕಂಡಿದ್ದರೆ ಕೇಳಿ. ಊರಿನಿಂದ ಬಸ್ಸಿನಲ್ಲಿ ಬಾಳೆಎಲೆಯೊಳಗೆ ಬಂದಿದ್ದ ಮೂರು ಅಟ್ಟೆ ಮಲ್ಲಿಗೆಯನ್ನು, ಬಾಳೆನಾರಿನಲ್ಲಿ ಒತ್ತಾಗಿ ಕಟ್ಟಿದ್ದ ಆ ತಣ್ಣನೆಯ ಭಾರವನ್ನೆಲ್ಲ, ಸುತ್ತಿಗೆ ಸುತ್ತು ಸೇರಿಸಿ ಏರಿಸಿದೆ. ಕೊನೆಗೆ ಚಿನ್ನದ ಬಿಲ್ಲೆ ಸಿಕ್ಕಿಸಿದೆ.

"ತಲಿ ಅಲ್ಲಾಡ್ಸವ್ವ," ಎಂದೆ. ಅಲ್ಲಾಡಿಸಿದಳು. ದೊಡ್ಡಮ್ಮನಿಗೆ ನಂಬಿಕೆ ಬರಲಿಲ್ಲ. ತಾವೇ ಬಂದು ತುರುಬಿಗೆ ಕೈ ಹಾಕಿ ಗಟ್ಟಿಯಾಗಿ ಎಳೆದರು. "ಅಯ್ಯೋ ದೊಡ್ಡಮ್ಮ, ತಲೆನೇ ಬರ್ತದೆ!" ಎಂದು ಹುಡುಗಿ ಕೂಗಿದಳು. ದೊಡ್ಡಮ್ಮ ಚೌರಿಯನ್ನು ಮತ್ತೆ ಪೇಪರಿನಲ್ಲಿ ಸುತ್ತಿ ಬ್ಯಾಗಿಗೆ ಹಾಕಿ ಜಿಪ್ಪು ಎಳೆದರು. ಅಷ್ಟು ಸಂತೋಷ ನನಗೆ ನನ್ನ ಮದುವೆಯಲ್ಲೂ ಆಗಿರಲಿಲ್ಲ, ನನ್ನ ಗಂಡ ಇದನ್ನು ಓದಿದರೆ ಓದಲಿ.

ಧಾರೆಯಾಯಿತು. ಆಮೇಲೆ ಹಿರಿಯರ ಕಾಲಿಗೆ ಬೀಳುವುದು ಶುರುವಾಯಿತು. ಅವರ ಕಡೆ ಹಿರಿಯರು ಎಷ್ಟು ಜನ ದೇವರೇ! ಅತ್ತೆ, ಮಾವ, ಸೋದರಮಾವ, ಅವರ ಅಕ್ಕ, ಆ ಅಕ್ಕನ ಗಂಡ. ಹುಡುಗಿ ಬಗ್ಗಿದಾಗಲೆಲ್ಲ ನಾನು ಕಂಬದ ಹಿಂದೆ ಉಸಿರು ಬಿಗಿಹಿಡಿಯುತ್ತಿದ್ದೆ, ಎದ್ದಾಗ ಬಿಡುತ್ತಿದ್ದೆ. ಹತ್ತಿಪ್ಪತ್ತು ಜನರ ಕಾಲಿಗೆ ಬಿದ್ದ ಮೇಲೆ ನಾನು ಕಂಬ ಬಿಟ್ಟು ಮುಂದೆ ಬಂದು ಧೈರ್ಯವಾಗಿ ನಿಂತೆ.

ಊಟದ ಹೊತ್ತಿಗೆ ಗಂಡಿನ ಸೋದರತ್ತೆಯೊಬ್ಬರು ಬಂದರು. ಎತ್ತರದ ಹೆಂಗಸು, ದನಿಯೂ ಎತ್ತರ. ಮದುಮಗಳ ಹಿಂದೆ ನಿಂತು ತುರುಬನ್ನು ಬೆರಳಲ್ಲಿ ಒತ್ತಿ ನೋಡಿದರು. "ಲಾಯ್ಕ ಉಂಟು! ಈ ಚೌರಿ ಎಲ್ಲಿಂದ ತಂದದ್ದು? ಒಂಚೂರೂ ಗೊತ್ತೇ ಆಗುದಿಲ್ಲ. ನನ್ನ ಮಗಳ ಮದುವೆಗೂ ಇಂಥದ್ದೇ ಬೇಕು," ಎಂದರು.

ದೊಡ್ಡಮ್ಮ ಲಗುಬಗೆಯಿಂದ ಬಾಯಿ ತೆರೆದರು. ದಾದರಿನ ಯಾವುದೋ ಅಂಗಡಿಯ ಹೆಸರು ನಾಲಿಗೆಯ ತುದಿಗೆ ಬಂದಿತ್ತೆಂದು ಕಾಣುತ್ತದೆ. ಅಷ್ಟರಲ್ಲಿ, ಎಲ್ಲರಿಂದ ಒಂದು ಹೆಜ್ಜೆ ಹಿಂದಿದ್ದ ಅಮ್ಮ ಮುಂದೆ ಬಂದರು.

"ಚೌರಿ ಅಲ್ಲ," ಎಂದರು. ಆ ಸಣ್ಣ ದನಿ ಪಂಕ್ತಿಯ ಆ ತುದಿಗೂ ಕೇಳಿಸಿತು. "ನನ್ನ ಮಗಳ ಸ್ವಂತ ಕೂದಲು. ಮೂರು ವರ್ಷದ ಹಿಂದೆ ನಾನು ಸಾಯುವ ಹಾಗಿದ್ದೆ. ನಾನು ಬದುಕಲಿ ಅಂತ ಇವಳು ತಲೆಯಲ್ಲಿ ಒಂದು ಎಳೆ ಇಟ್ಟುಕೊಳ್ಳದೆ ಕೊಟ್ಟು ಬಂದಳು. ಇದು ಅದಾದ ಮೇಲೆ ಬೆಳೆದದ್ದು. ಇವತ್ತು ಬೆಳಿಗ್ಗೆ ನಾನೇ ಎಣ್ಣೆ ಹಚ್ಚಿದ್ದು."

ದೊಡ್ಡಮ್ಮ ಕಣ್ಣು ಮುಚ್ಚಿಕೊಂಡರು. ಆ ಎತ್ತರದ ಹೆಂಗಸು ತುರುಬಿನ ಮೇಲಿದ್ದ ಕೈಯನ್ನು ಮೆಲ್ಲಗೆ ತೆಗೆದರು. ಅಮ್ಮನನ್ನೊಮ್ಮೆ, ಮದುಮಗಳನ್ನೊಮ್ಮೆ ನೋಡಿದರು. ಆಮೇಲೆ ತಮ್ಮ ಎಂದಿನ ಎತ್ತರದ ದನಿಯಲ್ಲಿ ಪಂಕ್ತಿಯ ಕಡೆ ತಿರುಗಿ ಮಗಳನ್ನು ಕರೆದರು: "ಏ, ಇಲ್ಲಿ ಬಾ! ಊಟ ಆಮೇಲೆ ಮಾಡಿದ್ರಾಯ್ತು. ಇವಳ ಕೂದಲು ನೋಡು ಬಾ. ಇವಳ ಅಮ್ಮನನ್ನೂ ನೋಡು."

ಅಮ್ಮ ಹಿಂದೆ ಸರಿಯಲಿಲ್ಲ. ಮದುಮಗಳು ತಲೆ ಹಿಂದಕ್ಕೆ ಚೆಲ್ಲಿ, ಹಾಲ್ ತುಂಬ ಕೇಳುವ ಹಾಗೆ ನಕ್ಕಳು. ತುರುಬು ನಿಂತಿದೆಯೋ ಇಲ್ಲವೋ ಎಂದು ನೋಡುವ ಗೊಡವೆಗೇ ನಾನು ಹೋಗಲಿಲ್ಲ.