ಒಳ್ಳೇ ಮಾತಾಡು ಅಂದಿದ್ದಳು ನಿಲ್ದಾ

ಹೆಂಗಸರ ಮೂರನೇ ವಾರ್ಡಿನಲ್ಲಿ ಯಾರಿಗೂ ಸ್ವಂತ ಬಟ್ಟೆ ಇರಲಿಲ್ಲ. ಗುರುವಾರ ಸ್ನಾನವಾದ ಮೇಲೆ ಒಗೆದ ರಾಶಿಯಿಂದ ಕೈಗೆ ಸಿಕ್ಕಿದ್ದನ್ನು ತೊಡಬೇಕು, ಒಳಬಟ್ಟೆಯೂ ಹಾಗೆಯೇ. ಕಾರ್ದೊಬಾದ ಗುಡ್ಡಗಳ ಕೆಳಗಿನ ಆ ಮಾನಸಿಕ ಆಸ್ಪತ್ರೆಯಲ್ಲಿ ಎದೆಲ್ಮಿರಾ ಮೂವತ್ತೊಂದು ವರ್ಷ ಕಂಡವರ ಬಟ್ಟೆ ತೊಟ್ಟಳು. ಅಪ್ಪ ಸತ್ತಾಗ ಮೂರು ತಿಂಗಳು ಮಾತು ಬಿಟ್ಟಿದ್ದಳೆಂದು ಅಣ್ಣ ತಂದು ಬಿಟ್ಟುಹೋಗಿದ್ದ. ಮಾತು ಮರಳಿತು, ಅಣ್ಣ ಮರಳಲಿಲ್ಲ.

ಅಲ್ಲಿ ಬಟ್ಟೆ ಒಗೆಯುವ ಕೆಲಸಕ್ಕಿದ್ದ ನಿಲ್ದಾ ಅವಳ ಗೆಳತಿ. ಮಧ್ಯಾಹ್ನ ಇಬ್ಬರೂ ಬಾಯ್ಲರಿನ ಪಕ್ಕ ಕೂತು ಒಂದೇ ಸೋರೆಬುರುಡೆಯಿಂದ ಸರದಿಯ ಮೇಲೆ ಮಾಟೆ ಎಲೆಯ ಬಿಸಿ ಕಷಾಯ ಹೀರುತ್ತಿದ್ದರು.

"ನಿನ್ನ ಮಾಟೆ ನೆಲ ಒರೆಸಿದ ನೀರಿದ್ದ ಹಾಗಿದೆ."

"ಹಾಗಾದ್ರೆ ಕುಡೀಬೇಡ ಮಹಾರಾಣಿ, ಕೊಡು ಇಲ್ಲಿ."

ಎದೆಲ್ಮಿರಾ ಕೊಡುತ್ತಿರಲಿಲ್ಲ.

ಆಮೇಲೆ ಹೊಸ ಕಾನೂನು ಬಂತು. ಒಪ್ಪಿಗೆಯಿಲ್ಲದವರನ್ನು ಸುಮ್ಮನೆ ಕೂಡಿಹಾಕುವಂತಿಲ್ಲ. ನ್ಯಾಯಾಧೀಶರೇ ಬಂದು ಕೇಳಬೇಕು. ಲೂಸಿಲಾ ಎಂಬ ವಕೀಲೆ ಬಿಡುಗಡೆಯಾಗುವವರಿಗೆಂದು ಊರೊಳಗೆ ಮನೆಯನ್ನೂ ನೋಡಿದ್ದಳು. ಮೂವರು ಹೆಂಗಸರು ಕೂಡಿ ಬಾಳುವುದು, ಒಬ್ಬೊಬ್ಬರಿಗೂ ಒಂದು ಬೀರು.

"ಬೀರುವಿನ ಬೀಗದ ಕೈ ಯಾರ ಹತ್ರ ಇರುತ್ತೆ?"

"ನಿಮ್ಮ ಹತ್ರಾನೇ, ಅಮ್ಮ."

ಅಂದಿನಿಂದ ಎದೆಲ್ಮಿರಾಳಿಗೆ ಅದೇ ಧ್ಯಾನ. ನಿಲ್ದಾ ರಾಶಿಯಿಂದ ಒಂದು ನೀಲಿ ಗೌನು ಎತ್ತಿಟ್ಟು, ಕತ್ತಿನೊಳಗೆ ಅವಳ ಹೆಸರು ಹೊಲಿದಳು. ವಿಚಾರಣೆಯ ಬೆಳಿಗ್ಗೆ ತಲೆ ಬಾಚುತ್ತ ಹೇಳಿದಳು: "ದೊಡ್ಡವರ ಮುಂದೆ ದೂರು ಹೇಳ್ಬೇಡ, ಹಟ ಮಾಡ್ಬೇಡ. ಒಳ್ಳೇ ಮಾತಾಡು. ಇಲ್ದಿದ್ರೆ ತಲೆ ಕೆಟ್ಟಿದೆ ಅಂತಾರೆ."

"ನನಗೇ ಹೇಳಿಕೊಡ್ತೀಯಾ? ಇಷ್ಟು ವರ್ಷ ಇಂಜೆಕ್ಷನ್ ತಪ್ಪಿಸ್ಕೊಂಡಿದ್ದು ಹೇಗೆ ಅನ್ಕೊಂಡೆ?"

ಊಟದ ಹಾಲಿನಲ್ಲಿ ವಿಚಾರಣೆ. ನಿಲ್ದಾ ಅಡುಗೆಮನೆಯ ಕಿಟಕಿಯಾಚೆ ನಿಂತಿದ್ದಳು. ನ್ಯಾಯಾಧೀಶರ ಪಕ್ಕದಲ್ಲೇ ಆಸ್ಪತ್ರೆಯ ಮುಖ್ಯಸ್ಥರು ಕೂತಿದ್ದರು.

"ಇಲ್ಲಿ ನಿಮಗೆ ಹೇಗಿದೆ, ಅಮ್ಮ?"

"ಚೆನ್ನಾಗಿದೆ ಸ್ವಾಮಿ. ಎಲ್ಲರೂ ಚೆನ್ನಾಗಿ ನೋಡ್ಕೋತಾರೆ."

"ಬೇರೆ ಕಡೆ ಹೋಗ್ಬೇಕು ಅನ್ಸುತ್ತಾ?"

ಎದೆಲ್ಮಿರಾ ಮುಖ್ಯಸ್ಥರ ಮುಖ ನೋಡಿದಳು. "ತಾವು ಹೇಗೆ ಹೇಳಿದ್ರೆ ಹಾಗೆ."

ಲೂಸಿಲಾ ಎದ್ದು ಏನೋ ಹೇಳಹೋದಳು. "ಅವರೇ ಹೇಳಿದ್ರಲ್ಲ," ಎಂದರು ನ್ಯಾಯಾಧೀಶರು. ಸ್ವಂತ ಇಚ್ಛೆಯಿಂದ ಇಲ್ಲೇ ಉಳಿಯುತ್ತಾರೆ ಎಂದು ಗುಮಾಸ್ತ ಬರೆದುಕೊಂಡ.

ಎದೆಲ್ಮಿರಾ ಹೊರಗೆ ಬಂದಾಗ ಮುಖ ಅರಳಿತ್ತು. "ಒಳ್ಳೇ ಮಾತಾಡಿದ್ನಾ?"

ನಿಲ್ದಾ ಗೌನಿನ ಕಾಲರು ಸರಿಮಾಡಿದಳು. "ಮಾತಾಡಿದೆ."

ಲೂಸಿಲಾ ಮತ್ತೆ ಅರ್ಜಿ ಹಾಕಿದಳು. ಆಗಸ್ಟಿಗೆ ದಿನ ಸಿಕ್ಕಿತು. "ಬೀಗದ ಕೈ ಬಂತಾ?" ಎಂದು ಎದೆಲ್ಮಿರಾ ದಿನಾ ಕೇಳುವಳು. ಆ ಸೀಮೆಯಲ್ಲಿ ಜುಲೈ ಎಂದರೆ ನಡುಚಳಿಗಾಲ; ವಾರ್ಡಿನ ಒಡೆದ ಕಿಟಕಿಗೆ ರಟ್ಟು ಹಚ್ಚಿದ್ದರು. ಎದೆಲ್ಮಿರಾಳ ಎದೆಗೆ ಕಫ ಕಟ್ಟಿತು. ನಾಲ್ಕೇ ದಿನ.

ಸತ್ತವರ ಬಟ್ಟೆ ರಾಶಿಗೆ ಹೋಗಬೇಕು. ನೀಲಿ ಗೌನು ಹೋಗಲಿಲ್ಲ.

ಆಗಸ್ಟಿನಲ್ಲಿ ಅದೇ ಹಾಲಿನಲ್ಲಿ ಗುಮಾಸ್ತ ಎದೆಲ್ಮಿರಾಳ ಹೆಸರು ಕೂಗಿದ. ಅವನಿಗೆ ಯಾರೂ ತಿಳಿಸಿರಲಿಲ್ಲ. ಎರಡನೇ ಸಲ ಕೂಗಿದಾಗ ನಿಲ್ದಾ ಒದ್ದೆ ಕೈಯಲ್ಲೇ ಒಳಗೆ ಬಂದಳು.

"ಹೋಗ್ಬೇಕು ಅಂತಿದ್ಲು ಸ್ವಾಮಿ. ಹಾಗೆ ಹೇಳ್ಬೇಡ ಅಂದವಳು ನಾನು. ಅದನ್ನ ಬರ್ಕೊಳ್ಳಿ."

"ಅವರೆಲ್ಲಿ?" ಎಂದರು ನ್ಯಾಯಾಧೀಶರು.

"ಮೊದಲು ಬರ್ಕೊಳ್ಳಿ," ಎಂದಳು ನಿಲ್ದಾ.