ನರ್ಸಮ್ಮನ ಬೋಗಿಮರದ ಬೆಂಚು

ನರ್ಸಮ್ಮನ ಎಡಗೈಯಲ್ಲಿ ಮೊಣಕೈಯಿಂದ ಮಣಿಕಟ್ಟಿನವರೆಗೆ ಚರ್ಮ ಸುಲಿದು ಕಪ್ಪಾದ ಉದ್ದನೆಯ ಕಲೆಯಿತ್ತು. ಹೊಸಬರು ಬೆಂಕಿ ತಗಲಿದ್ದೆಂದು ತಿಳಿದು ಅಯ್ಯೋ ಪಾಪ ಎನ್ನುತ್ತಿದ್ದರು. ಅದು ಬೆಂಕಿಯದಲ್ಲ, ಗೇರುಬೀಜದ ಸಿಪ್ಪೆಯಿಂದ ತೆಗೆಯುವ ಗೇರೆಣ್ಣೆಯದು. ಆಸ್ಪತ್ರೆಯ ಅಂಗಳದಲ್ಲಿಡಲು ಒಂದು ಬೆಂಚು ಮಾಡಿಸಹೋಗಿ ಆದದ್ದು.

ಎಪ್ಪತ್ತರ ದಶಕದಲ್ಲಿ ನಾನು ಮದುವೆಯಾಗಿ ಕಡಬದ ಹತ್ತಿರದ ಆ ಊರಿಗೆ ಬಂದೆ. ನನ್ನ ಗಂಡನ ಟೈಲರ್ ಅಂಗಡಿಯ ಎದುರಿಗೇ ಸರಕಾರಿ ಆಸ್ಪತ್ರೆ. ಆಸ್ಪತ್ರೆಯೆಂದರೆ ಎರಡು ಕೋಣೆ, ಒಂದು ಕಿರಿದಾದ ಜಗಲಿ, ಮುಂದೆ ಅಂಗಳ. ಡಾಕ್ಟರು ವಾರಕ್ಕೊಮ್ಮೆ ಪುತ್ತೂರಿನಿಂದ ಬಸ್ಸಿನಲ್ಲಿ ಬರುವರು. ಉಳಿದ ದಿನ ಎಲ್ಲವೂ ನರ್ಸಮ್ಮನೇ. ಸುಳ್ಯದ ಕಡೆಯವರು, ಒಂಟಿ ಜೀವ, ಬಾಯಿ ಜೋರು. ಬಸುರಿ ಎಲ್ಲಿ ಸಿಕ್ಕಿದರೂ, ಅದು ಸಂತೆಯಿರಲಿ ಬಸ್ಸಿರಲಿ, ಬಗ್ಗಿ ಅವಳ ಪಾದವನ್ನು ಹೆಬ್ಬೆರಳಿನಿಂದ ಒತ್ತಿ ನೋಡುವರು. ಗುಳಿ ಬಿದ್ದರೆ, "ಕಾಲಲ್ಲಿ ನೀರು ಉಂಟು. ನಾಳೆ ಬಾ, ಉಪ್ಪಿನಕಾಯಿ ಮುಟ್ಟಬೇಡ" ಎಂದು ಹೇಳಿ ಮುಂದೆ ಹೋಗುವರು. ನಾವು ನಾಚಿಕೆಯಿಂದ ಸಾಯುತ್ತಿದ್ದೆವು.

ಆ ಅಂಗಳದಲ್ಲಿ ಹಲಸಿನ ಮರದ ಒಂದು ಬೆಂಚಿತ್ತು. ಡಾಕ್ಟರು ಬರುವ ದಿನ ದೂರದಿಂದ ನಡೆದು ಬಂದ ಬಸುರಿಯರು ಅದರಲ್ಲಿ ಕೂರುತ್ತಿದ್ದರು. ದೊಡ್ಡ ಮನೆಯವರು ಯಾರಾದರೂ ಬಂದರೆ ಸಾಕು, ಹೆಂಗಸರು ತಾವಾಗಿಯೇ ಎದ್ದುಬಿಡುವರು. ಅಟೆಂಡರು ಬೆಂಚನ್ನು ಎತ್ತಿ ಅವರಿಗಾಗಿ ಜಗಲಿಯಲ್ಲಿ ಹಾಕುವನು. ಏಳಿ ಎಂದು ಯಾರೂ ಹೇಳುತ್ತಿರಲಿಲ್ಲ. ಭೂಮಸೂದೆ ಬಂದು ಧಣಿಗಳ ಗದ್ದೆ ಒಕ್ಕಲುಗಳ ಪಾಲಾಗಿತ್ತು, ಎದ್ದು ನಿಲ್ಲುವುದು ಮಾತ್ರ ಹೋಗಿರಲಿಲ್ಲ. ಒಂದು ದಿನ ಹಾಗೆ ಬಹಳ ಹೊತ್ತು ನಿಂತ ತುಂಬು ಬಸುರಿಯೊಬ್ಬಳು ತಲೆ ಸುತ್ತಿ ಮೆಟ್ಟಿಲ ಬಳಿ ಬಿದ್ದಳು. ಪುಣ್ಯಕ್ಕೆ ತಾಯಿಗೂ ಮಗುವಿಗೂ ಏನೂ ಆಗಲಿಲ್ಲ. ನರ್ಸಮ್ಮ ಆ ದಿನ ಊಟ ಮಾಡಲಿಲ್ಲ.

"ಬೈದ್ರೆ ಎರಡು ದಿನ ನೆನಪಿರ್ತದೆ. ಎತ್ತಿಕೊಂಡು ಹೋಗ್ಲಿಕ್ಕೆ ಆಗದ ಬೆಂಚು ಬೇಕು ಮಾರಾಯ್ತಿ. ಬಿಸಿಲಿಗೆ ಮಳೆಗೆ ಅಂಗಳದಲ್ಲೇ ಇರ್ಬೇಕು" ಎಂದರು ನನ್ನೊಡನೆ.

ಬೆಂಚನ್ನು ಯಾವುದರಿಂದ ಮಾಡಿಸುವುದು ಎಂಬ ಅವರ ವಿಚಾರಣೆ ಅಲ್ಲಿಂದ ಶುರುವಾಯಿತು. ಸೂಜಿ ಚುಚ್ಚಿಸಿಕೊಳ್ಳಲು ಬಂದವರನ್ನೂ ಬಿಡಲಿಲ್ಲ. ಕಬ್ಬಿಣವಾದರೆ ಒಂದೇ ಮಳೆಗಾಲಕ್ಕೆ ತುಕ್ಕು, ಬೇಸಗೆಯಲ್ಲಿ ಕುಂಡೆ ಸುಡುತ್ತದೆ. ಅಡಿಕೆ ಮರದ ಸಲಾಕೆ ಸೀಳಿ ಸೀರೆಗೆ ಸಿಕ್ಕುತ್ತದೆ. ನೈಲಾನ್ ದಾರ ಹೆಣೆದ ಕುರ್ಚಿ ಆಗ ಹೊಸ ಶೋಕಿ. ಅದನ್ನು ನನ್ನ ಗಂಡ ಸೂಚಿಸಿದಾಗ, "ಅದು ಬೆಂಚಿಗಿಂತ ಮೊದ್ಲು ಜಗಲಿ ಹತ್ತುದು" ಎಂದು ನಕ್ಕರು. ಕೊನೆಗೆ ಕಲ್ಲೇ ಸೈ ಎಂದು ತೀರ್ಮಾನಿಸಿದರು. ಕೆಂಪುಕಲ್ಲಿನ ಎರಡು ಕಂಬ ಕಟ್ಟಿಸಿ, ಮೇಲೊಂದು ಕಗ್ಗಲ್ಲಿನ ಚಪ್ಪಡಿ ಹಾಸಿಸಿ, ನೆರಳಿರಲೆಂದು ಅಂಗಳದ ಹಳೆಯ ರೆಂಜೆ ಮರದ ಬುಡದಲ್ಲಿ ಕೂರಿಸಿದರು.

ಒಬ್ಬರೂ ಕೂರಲಿಲ್ಲ. ಕೆಲವೇ ದಿನಗಳಲ್ಲಿ ಚಪ್ಪಡಿಯ ಮೇಲೆ ಕೇಪುಳ ಹೂವು ಕಾಣಿಸಿತು, ಆಮೇಲೆ ಒಂದು ಹಣತೆ. ನಮ್ಮ ಕಡೆ ಹಳೆಯ ಮರದ ಬುಡದಲ್ಲಿ ಕಲ್ಲು ಕಂಡರೆ ಯಾವ ದೈವದ್ದೆಂದು ಕೇಳುವ ಮೊದಲೇ ಕೈ ಮುಗಿಯುತ್ತಾರೆ. ಬಸುರಿಯರು ಚಪ್ಪಲಿ ಕಳಚಿ ದೂರದಲ್ಲಿ ನಿಂತರು. ಹೆದರಬೇಡಿ ಎಂದು ತೋರಿಸಲು ನರ್ಸಮ್ಮ ತಾವೇ ಹೋಗಿ ಕಾಲು ಚಾಚಿ ಕೂತರು. ಮರುದಿನ ಮುದುಕಿಯೊಬ್ಬಳು ಅವರ ಪರವಾಗಿ ತಪ್ಪುಕಾಣಿಕೆಯೆಂದು ಸೀಯಾಳ ತಂದಿಟ್ಟು, "ಅವ್ರಿಗೆ ಗೊತ್ತಾಗ್ಲಿಲ್ಲ, ಕ್ಷಮಿಸ್ಬೇಕು" ಎಂದು ಕಲ್ಲಿಗೆ ಹೇಳಿ ಹೋದಳು. ನರ್ಸಮ್ಮ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ನಾನೂ ಇದೇ ಮಣ್ಣಿನವಳಲ್ವಾ? ನಂಗೆ ಬುದ್ಧಿ ಬೇಡ್ವಾ?" ಎಂದು ತಮ್ಮನ್ನೇ ಬೈದುಕೊಂಡರು. ಕಲ್ಲನ್ನು ತೆಗೆಸಲು ಆಳು ಸಿಗಲಿಲ್ಲ. ಈಗಲೂ ಅಲ್ಲೇ ಇದೆ.

ಎರಡನೆಯ ಸಲ ಅವರು ಮರಕ್ಕೇ ಮರಳಿದರು. ಎಲ್ಲೋ ಕೆಡವಿದ ಹಳೆಯ ಮನೆಯ ಬೋಗಿಮರದ ತೊಲೆಗಳನ್ನು ಕೇಳಿ ತಂದರು. ಬೋಗಿ ಅಂದರೆ ಮೊಳೆ ಬಾಗುವಷ್ಟು ಗಟ್ಟಿ. ನೀರಿಗೆ ಜಗ್ಗುವುದಿಲ್ಲ, ಗೆದ್ದಲು ಸುಲಭಕ್ಕೆ ಮುಟ್ಟುವುದಿಲ್ಲ. ರೆಂಜೆ ಮರದಿಂದ ದೂರ, ಬಟಾಬಯಲಲ್ಲಿ, ಬೆಂಚಿನ ಕಾಲುಗಳನ್ನು ಸೊಂಟದಾಳಕ್ಕೆ ಹುಗಿಸಿದರು. ಹುಗಿಯುವ ತುದಿಗಳಿಗೆ ಗೆದ್ದಲು ಹತ್ತದಂತೆ ಬಳಿಯಲು ಪುತ್ತೂರಿನಿಂದ ಡಬ್ಬಿಯಲ್ಲಿ ಗೇರೆಣ್ಣೆ ತರುವಾಗ ಬಸ್ಸು ಕುಲುಕಿ ಕೈಮೇಲೆ ಚೆಲ್ಲಿತು. ಊರವರ ಸುಟ್ಟಗಾಯಕ್ಕೆಲ್ಲ ಮುಲಾಮು ಹಚ್ಚುವವರು ಒಂದು ತಿಂಗಳು ತಮ್ಮ ಕೈಗೇ ಬಟ್ಟೆ ಸುತ್ತಿಕೊಂಡು ಓಡಾಡಿದರು.

ಆಗ ನಾನು ತಿಂಗಳು ತುಂಬಿದ ಬಸುರಿ. ಆ ಬೆಂಚಿನಲ್ಲಿ ಇತರ ಹೆಂಗಸರೊಂದಿಗೆ ಕೂತಿದ್ದಾಗ ಊರಿನ ಧಣಿಗಳು ಕೊಡೆ ಊರಿಕೊಂಡು ಬಂದರು. ನನ್ನ ಗಂಡನ ಅಂಗಡಿ ಇದ್ದದ್ದು ಅವರದೇ ಕಟ್ಟಡದಲ್ಲಿ. ಹೆಂಗಸರು ಎದ್ದರು. ಅಟೆಂಡರು ಓಡಿಬಂದು, ಅಭ್ಯಾಸಬಲದಿಂದ ಬೆಂಚಿನ ತುದಿ ಹಿಡಿದು ಎತ್ತಹೋದ. ಅದು ಮಿಸುಕಲಿಲ್ಲ. ನಾನೂ ಹೊಟ್ಟೆ ಹಿಡಿದುಕೊಂಡು ಅರ್ಧ ಎದ್ದಿದ್ದೆ.

"ಕೂತ್ಕೋ ನೀನು!" ಒಳಗಿನಿಂದ ನರ್ಸಮ್ಮನ ಸ್ವರ. ಆಮೇಲೆ ಹೊರಗೆ ಬಂದು, ಬಹಳ ಮರ್ಯಾದೆಯಿಂದ, "ಧಣಿಗಳೇ, ಅದು ನೆಲ ಬಿಟ್ಟು ಬರುದಿಲ್ಲ. ಆ ತುದಿಯಲ್ಲಿ ಜಾಗ ಉಂಟು, ಕೂತ್ಕೊಳ್ಳಿ" ಎಂದರು.

ಅಂಗಡಿ ಹೋಯಿತು ಎಂದೇ ಭಾವಿಸಿದೆ. ಆದರೂ ಕೂತೆ. ಧಣಿಗಳು ಸ್ವಲ್ಪ ಹೊತ್ತು ನಿಂತರು. ಅವರಿಗೂ ವಯಸ್ಸಾಗಿತ್ತು, ಮಂಡಿನೋವಿನ ಮದ್ದಿಗೇ ಬಂದದ್ದು. ಕೊನೆಗೆ ಆ ತುದಿಯಲ್ಲಿ ಕೂತು, ಹಲಗೆಯನ್ನು ಬೆರಳಿನಿಂದ ಬಡಿದು ನೋಡಿದರು.

"ಬೋಗಿಯಾ?"

"ಹೌದು, ಬೋಗಿ" ಎಂದರು ನರ್ಸಮ್ಮ.

ಅಂಗಡಿ ಹೋಗಲಿಲ್ಲ. ಉಳಿದ ಹೆಂಗಸರು ಅಂದು ನಿಂತೇ ಇದ್ದರು, ಮುಂದಿನ ವಾರಗಳಲ್ಲಿ ಒಬ್ಬೊಬ್ಬರಾಗಿ ಕೂತರು.

ನಿವೃತ್ತರಾದ ಮೇಲೆ ನರ್ಸಮ್ಮ ಸುಳ್ಯದಲ್ಲಿ ತಂಗಿಯ ಮನೆಯಲ್ಲಿದ್ದರು. ಎಂಬತ್ತರ ದಶಕದ ಕೊನೆಯಲ್ಲಿ ತೀರಿಕೊಂಡರು. ಸುದ್ದಿ ತಿಳಿದು ನಾನು, ಅಂದು ಆ ಬೆಂಚಿನಲ್ಲಿ ನನ್ನ ಹೊಟ್ಟೆಯಲ್ಲಿದ್ದ ಮಗಳನ್ನು ಕರೆದುಕೊಂಡು ಹೋದೆ. ಅಂಗಳದಲ್ಲಿ ಬಾಡಿಗೆಯ ಕುರ್ಚಿಗಳನ್ನು ಹಾಕಿದ್ದರು. ನಾವು ಕೂತಿದ್ದಾಗ ಊರಿನ ದೊಡ್ಡವರೊಬ್ಬರು ಕಾರಿನಿಂದಿಳಿದು ಬಂದರು. ಸುತ್ತಲಿನ ಹೆಂಗಸರು ಎದ್ದರು, ನನ್ನ ಕಾಲೂ ಏಳಲು ನೋಡಿತು. ಪಕ್ಕದಲ್ಲಿ ಮಗಳು ಸುಮ್ಮನೆ ಕೂತಿದ್ದಳು. ಅದು ಧೈರ್ಯವೂ ಅಲ್ಲ, ಸೊಕ್ಕೂ ಅಲ್ಲ. ಅಲ್ಲಿ ಏಳಬೇಕಾದದ್ದು ಏನಿದೆ ಎಂದೇ ಅವಳಿಗೆ ಗೊತ್ತಿರಲಿಲ್ಲ. ಅವಳಿಗೆ ಅದು ಗೊತ್ತಿಲ್ಲದ ಹಾಗೆ ಮಾಡಿದವರು ಒಳಗೆ ಚಾಪೆಯ ಮೇಲೆ ಮಲಗಿದ್ದರು. ನಾನು ಆಗ ಅತ್ತೆ.