ಇದ್ದ ಹಾಗೆ ಬರೆದ ಮುಖ

ಕೊಲ್ಹಾಪುರದಲ್ಲಿ ನಮ್ಮ ಪಕ್ಕದ ಮನೆಯ ಜಿನಪಾಲ ಮಗದುಮ್ ಎರಡು ದಶಕಕ್ಕೂ ಹೆಚ್ಚು ಕಾಲ ಒಂದು ಮರಾಠಿ ದಿನಪತ್ರಿಕೆಗೆ ವ್ಯಂಗ್ಯಚಿತ್ರ ಬರೆದ. ದಾನೋಳಿಯ ಜೈನ ರೈತರ ಮನೆಯವನು. ಮನೆಯಲ್ಲಿ ಕನ್ನಡ, ಚಿತ್ರದ ಕೆಳಗೆ ಮರಾಠಿ. ಕೈ ಚೆನ್ನಾಗಿತ್ತು. ಆ ಕೈ ಯಾರನ್ನು ಬರೆಯಬೇಕಾಗಿತ್ತೋ ಆ ಜನ ಚೆನ್ನಾಗಿರಲಿಲ್ಲ.

ಅವರಲ್ಲಿ ಮುಖ್ಯರು ಮಲ್ಲಾರಿರಾವ್. ಇಚಲಕರಂಜಿಯಲ್ಲಿ ನೂಲಿಗೆ ಬಣ್ಣ ಹಾಕುವ ಕಾರ್ಖಾನೆ ಅವರದು. ಉಳಿದ ನೀರು ನೇರ ಹೊಳೆಗೆ. ಮೀನು ಸತ್ತು ತೇಲಿದಾಗಲೆಲ್ಲ ಜಿನಪಾಲ ಅವರನ್ನು ಮೊಸಳೆಯಾಗಿಯೋ ಹತ್ತು ತಲೆಯ ರಾವಣನಾಗಿಯೋ ಬರೆಯುತ್ತಿದ್ದ. ಓದುಗರು ನಗುತ್ತಿದ್ದರು. ಮೀನು ಸಾಯುತ್ತಲೇ ಇದ್ದವು.

ಚಿತ್ರ ಬಂದ ಬೆಳಗ್ಗೆ ಜಿನಪಾಲನಿಗೆ ಮಲ್ಲಾರಿರಾಯರ ಫೋನ್ ಬರುತ್ತಿತ್ತು. "ಮೊಸಳಿ ಭಾಳ ಛಲೋ ಬಂದದ್ರಿ. ಹಲ್ಲು ಇನ್ನಾ ಒಂದೆರಡು ಹೆಚ್ಚ ಹಾಕಬೇಕಾಗಿತ್ತ." ಮೂಲಚಿತ್ರ ತರಿಸಿ, ಕಟ್ಟು ಹಾಕಿಸಿ, ಬಂಗಲೆಯ ಗೋಡೆಗೆ ತೂಗುಹಾಕಿ ಬಂದವರಿಗೆ ತೋರಿಸುವರು.

"ನೀವು ಬೈದೀನಿ ಅಂತ ತಿಳಕೊಂಡೀರಿ," ಎಂದಳು ಅವನ ಹೆಂಡತಿ ರಾಜಮತಿ. "ಅವರು, ನೀವು ತಮಗ ಆರತಿ ಎತ್ತೀರಿ ಅಂತ ತಿಳಕೊಂಡಾರ."

ಜಿನಪಾಲನಿಗೆ ತನ್ನ ಕೆಲಸದ ಬಗ್ಗೆಯೇ ಹೇಸಿಗೆ ಹುಟ್ಟಿತ್ತು. ಕಚ್ಚಬೇಕಾದ ಚಿತ್ರ ಕಚ್ಚಿಸಿಕೊಂಡವನ ಮನೆಯ ಅಲಂಕಾರವಾಗುವುದಾದರೆ ಬರೆಯುವುದು ಯಾಕೆ?

ಕಳೆದ ವರ್ಷ ಅವನಿಗೆ ರಾಜ್ಯಮಟ್ಟದ ಪ್ರಶಸ್ತಿ ಬಂತು. ಗಡಹಿಂಗ್ಲಜದಲ್ಲಿ ಸನ್ಮಾನ, ಮುಖ್ಯ ಅತಿಥಿ ಮಲ್ಲಾರಿರಾವ್. ಎಸ್.ಟಿ. ಬಸ್ ಸ್ಟ್ಯಾಂಡಿನೆದುರಿನ ಫ್ಲೆಕ್ಸ್‌ನಲ್ಲಿ ಅವರ ಮುಖ ಬಾಗಿಲಷ್ಟಿತ್ತು, ಪ್ರಶಸ್ತಿ ಪಡೆದವನದು ಅಂಚೆಚೀಟಿಯಷ್ಟು. ನಾನೂ ಹೋಗಿದ್ದೆ.

ನಮ್ಮ ಕಡೆ ಸನ್ಮಾನವೆಂದರೆ ತಲೆಗೆ ಫೇಟಾ ಸುತ್ತಲೇಬೇಕು. ಅದಕ್ಕೆಂದೇ ಒಬ್ಬನನ್ನು ಕರೆಸುತ್ತಾರೆ. ಮಲ್ಲಾರಿರಾಯರು ಅವನನ್ನು ಸರಿಸಿ ತಾವೇ ಸುತ್ತತೊಡಗಿದರು. ಅಷ್ಟೂ ಹೊತ್ತು ಅವರ ಮುಖ ಜಿನಪಾಲನ ಮುಖದಿಂದ ಗೇಣು ದೂರದಲ್ಲಿತ್ತು.

"ಅಲ್ಲಾಡಬ್ಯಾಡ್ರಿ ಜಿನಪಾಲ," ಎಂದರು ಮೈಕಿಗೆ ಕೇಳುವಂತೆ. "ಇವತ್ತ ನಿಮ್ಮ ತಲಿ ನಮ್ಮ ಕೈಯಾಗ ಸಿಕ್ಕೇದ."

ಸಭೆ ಚಪ್ಪಾಳೆ ತಟ್ಟಿತು. ವಿದ್ಯಾವಂತರೂ ತಟ್ಟಿದರು.

ಮರಳುವಾಗ ಬಸ್ಸಿನಲ್ಲಿ ಜಿನಪಾಲ ನನಗೆ ಹೇಳಿದ: "ಇಷ್ಟ ವರ್ಷ ನಾ ಆ ಮನಷ್ಯಾನ್ನ ನೋಡೇ ಇದ್ದಿಲ್ರಿ, ಅಕ್ಕಾರ. ಮೊಸಳಿಗೆ ಒಂದ ಗತ್ತ ಇರ್ತದ. ಇಂವ ಬರೇ ಅಂಜಿದ ಮುದುಕ."

ಮತ್ತೆ ಮೀನು ಸತ್ತಾಗ ಅವನು ಆ ಮುದುಕನನ್ನು ಬರೆದ. ಕೋರೆಹಲ್ಲಿಲ್ಲ, ಹತ್ತು ತಲೆಯಿಲ್ಲ. ಬಣ್ಣ ಹಚ್ಚಿದ ಕೂದಲಿನ ಬುಡದಲ್ಲಿ ಬಿಳುಪು, ಕಣ್ಣಿನ ಕೆಳಗೆ ಜೋತುಬಿದ್ದ ಚರ್ಮ, ಯಾರಾದರೂ ನೋಡುತ್ತಿದ್ದಾರೆಯೇ ಎಂದು ಹುಡುಕುವ ನೋಟ. ಹಿಂದೆ ಹೊಳೆ. ಕೆಳಗೆ ಒಂದು ಮಾತೂ ಇರಲಿಲ್ಲ. ಸಂಪಾದಕ ಅಭಿಜಿತ ಗಮನವಿಟ್ಟು ನೋಡದೆ ಅಚ್ಚಿಗೆ ಕಳಿಸಿದ.

ಆ ಬೆಳಗ್ಗೆ ಫೋನ್ ಬಂದದ್ದು ಪತ್ರಿಕೆಯ ಮಾಲೀಕರಿಗೆ. ಮಧ್ಯಾಹ್ನದೊಳಗೆ ಕಚೇರಿಯ ಬಾಗಿಲಲ್ಲಿ ಮಲ್ಲಾರಿರಾಯರ ಕಡೆಯ ಜನ ಕುಳಿತು ಸಾಹೇಬರ ಅಪಮಾನವಾಯಿತೆಂದು ಕೂಗಿದರು. ಮೊಸಳೆ ಎಂದಾಗ ಆಗದ ಅಪಮಾನ ಸುಕ್ಕು ಕಂಡಾಗ ಆಗಿತ್ತು. ಮರುದಿನ ಪತ್ರಿಕೆ ಮುಖಪುಟದಲ್ಲೇ ಕ್ಷಮೆ ಕೇಳಿತು.

ಅಭಿಜಿತ ಜಿನಪಾಲನ ಮನೆಗೇ ಬಂದ. "ಸರ್, ಮೊಸಳಿ ಚಿತ್ರಾ ತಗೀರಿ, ಹಾವ ತಗೀರಿ, ಏನ ಬೇಕಾದ್ದ ತಗೀರಿ. ಮನಷ್ಯಾನ್ನ ಮಾತ್ರ ತಗೀಬ್ಯಾಡ್ರಿ. ಇಲ್ಲಾಂದ್ರ ಅಂಕಣಾ ಬಂದ್ ಮಾಡಬೇಕಾಗ್ತದ."

"ಮಾಡ್ರಿ," ಎಂದ ಜಿನಪಾಲ. "ಅವರ ಮನಿ ಗ್ವಾಡಿ ತುಂಬಸಾಕ ಪೇಪರ್ ಯಾಕ ಬೇಕು?"

ರಾಜಮತಿ ಅಭಿಜಿತನ ಮುಂದೆ ಚಹಾ ಇಟ್ಟಳು. "ಕುಡದ ಹೋಗ್ರಿ. ಅದಕ್ಕ ಕ್ಷಮಾ ಏನ ಕೇಳಬೇಕಾಗಿಲ್ಲ."

ಅಂಕಣ ನಿಂತಿತು. ಅದರ ಜಾಗದಲ್ಲಿ ಈಗ ಸೀರೆ ಅಂಗಡಿಯ ಜಾಹೀರಾತು ಬರುತ್ತದೆ. ಇಷ್ಟು ವರ್ಷ ಬೆಳಗಿನ ಚಹಾದ ಜೊತೆ ಅವನ ಚಿತ್ರ ನೋಡಿ ನಕ್ಕವರಲ್ಲಿ ಒಬ್ಬರೂ ಪತ್ರಿಕೆಗೆ ಎರಡು ಸಾಲು ಬರೆದು ಕಾರಣ ಕೇಳಲಿಲ್ಲ. ಕೇಳುವುದು ಅವನನ್ನೇ. ಮಾರುಕಟ್ಟೆಯಲ್ಲಿ ನಿಲ್ಲಿಸಿ, ದನಿ ತಗ್ಗಿಸಿ: "ಯಾಕ್ರಿ ಸುಮ್ನ ಅಷ್ಟ ದೊಡ್ಡ ಮನಷ್ಯಾನ ಮನಸ ನೋಯಿಸಿದ್ರಿ?"